ಕಾರ್ಯ ಮುಗಿದ ಮೇಲೆ ಬರುವ ಹಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೆಯಲ್ಲಿ ಸಾವು ಸಂಭವಿಸಿದ ನಂತರ ಕುಟುಂಬಕ್ಕೆ ದೊರೆಯಬಹುದಾದ ಹಣಕಾಸಿನ ನೆರವನ್ನು ಕುರಿತು ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಬಾರಿ ಆರಿಸಿಕೊಂಡಿದ್ದೇವೆ. ಹೆಚ್ಚಿನವರು ಕೇಳಿರುವುದು ಅಂತ್ಯಸಂಸ್ಕಾರದ ಖರ್ಚಿನ ಬಗ್ಗೆ. ಆದರೆ ಅವರ ಪತ್ರಗಳನ್ನೇ ಗಮನವಿಟ್ಟು ಓದಿದರೆ, ಆ ಖರ್ಚಿಗಿಂತ ಹಲವು ಪಟ್ಟು ದೊಡ್ಡ ಮೊತ್ತವೊಂದು ಯಾರೂ ಕೇಳದೆ ಬೇರೆಲ್ಲೋ ಉಳಿದಿರುವುದು ಕಾಣುತ್ತದೆ.

ಪ್ರಶ್ನೆ: ನನ್ನ ಪತಿ ಖಾಸಗಿ ಕಾರ್ಖಾನೆಯೊಂದರಲ್ಲಿ ಏಳು ವರ್ಷಗಳಿಂದ ಲೇತ್ ಆಪರೇಟರ್ ಆಗಿದ್ದರು. ಕಳೆದ ತಿಂಗಳು ರಾತ್ರಿ ಮನೆಯಲ್ಲಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ಒಟ್ಟು ಸಂಬಳ 18,000 ರೂಪಾಯಿ, ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 14,000. ಇಎಸ್‌ಐ, ಪಿಎಫ್ ಎರಡೂ ಕಡಿತವಾಗುತ್ತಿದ್ದವು. ಕಾರ್ಯಗಳಿಗೆ ನಮ್ಮ ಭಾವನವರು ಬಡ್ಡಿಗೆ ಸಾಲ ತಂದು ಖರ್ಚು ಮಾಡಿದ್ದಾರೆ. ಕಾರ್ಖಾನೆಯವರು "ಕೆಲಸದ ಜಾಗದಲ್ಲಿ ಆದ ಸಾವಲ್ಲ, ಆದ್ದರಿಂದ ಏನೂ ಬರುವುದಿಲ್ಲ" ಎನ್ನುತ್ತಿದ್ದಾರೆ. ನನಗೆ ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ.

ಉತ್ತರ: ಕಾರ್ಖಾನೆಯವರ ಮಾತು ಒಂದೇ ಒಂದು ವಿಷಯದಲ್ಲಿ ಸರಿ. ಇಎಸ್‌ಐನಲ್ಲಿ, ಅಂದರೆ ನೌಕರರ ರಾಜ್ಯ ವಿಮೆಯಲ್ಲಿ, ಅವಲಂಬಿತರ ಸೌಲಭ್ಯ ಎಂಬುದೊಂದಿದೆ. ಕೆಲಸದಿಂದ ಉಂಟಾದ ಗಾಯ ಅಥವಾ ಕಾಯಿಲೆಯಿಂದ ನೌಕರ ಸತ್ತರೆ ಅವನ ಸರಾಸರಿ ವೇತನದ ಶೇ 90ರ ದರದಲ್ಲಿ ಲೆಕ್ಕ ಹಾಕಿದ ಮೊತ್ತವನ್ನು ಪತ್ನಿ ಮತ್ತು ಮಕ್ಕಳಿಗೆ ಹಂಚಿ ಪ್ರತಿ ತಿಂಗಳು ಕೊಡುತ್ತಾರೆ. ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ಆದ ಅಪಘಾತವನ್ನೂ, ಅದಕ್ಕೂ ಕೆಲಸಕ್ಕೂ ಸಂಬಂಧವಿರುವುದು ಸ್ಥಿರಪಟ್ಟರೆ, ಇದರಲ್ಲಿ ಸೇರಿಸುತ್ತಾರೆ. ನಿಮ್ಮ ಪತಿಯವರ ಸಾವು ಈ ವರ್ಗಕ್ಕೆ ಬರುವುದಿಲ್ಲ. ಉಳಿದ ಯಾವ ಸೌಲಭ್ಯಕ್ಕೂ ಸಾವು ಎಲ್ಲಾಯಿತು ಎಂಬ ಪ್ರಶ್ನೆ ಏಳುವುದೇ ಇಲ್ಲ.

ಮೊದಲನೆಯದು ಇಎಸ್‌ಐನ ಅಂತ್ಯಸಂಸ್ಕಾರ ವೆಚ್ಚ. ವಿಮೆಗೆ ಒಳಪಟ್ಟ ನೌಕರ ಯಾವ ಕಾರಣದಿಂದ ತೀರಿಕೊಂಡರೂ, ನಿಜವಾಗಿ ಆದ ಖರ್ಚನ್ನು 15,000 ರೂಪಾಯಿಗಳ ಮಿತಿಯಲ್ಲಿ ಕುಟುಂಬದ ಹಿರಿಯ ಸದಸ್ಯರಿಗೆ ಕೊಡಲಾಗುತ್ತದೆ. ಕುಟುಂಬವಿಲ್ಲದಿದ್ದರೆ ಅಥವಾ ಸಾಯುವ ಹೊತ್ತಿಗೆ ಅವರು ಕುಟುಂಬದೊಂದಿಗೆ ವಾಸವಿರದಿದ್ದರೆ ಮಾತ್ರ ಖರ್ಚು ಮಾಡಿದವರೇ ಕೇಳಬಹುದು. ಆದ್ದರಿಂದ ಹಣ ಕೊಟ್ಟವರು ನಿಮ್ಮ ಭಾವನವರೇ ಆದರೂ ಅರ್ಜಿ ನಿಮ್ಮ ಹೆಸರಿನಲ್ಲಿ ಹೋಗುವುದು ಸರಿ. ಸಾವಿನ ದಿನದಿಂದ ಮೂರು ತಿಂಗಳೊಳಗೆ ಇಎಸ್‌ಐ ಶಾಖಾ ಕಚೇರಿಗೆ ಅರ್ಜಿ ಸಲ್ಲಿಸಬೇಕು. ಒಂದು ತಿಂಗಳು ಈಗಾಗಲೇ ಕಳೆದಿದೆ, ಹಾಗಾಗಿ ನಿಮ್ಮ ಮೊದಲ ಓಡಾಟ ಅಲ್ಲಿಗೇ ಆಗಲಿ.

ಎರಡನೆಯದೇ ಮುಖ್ಯವಾದದ್ದು, ಮತ್ತು ಹೆಚ್ಚಿನ ಕುಟುಂಬಗಳಿಗೆ ಅದರ ಹೆಸರೂ ಗೊತ್ತಿರುವುದಿಲ್ಲ. ಪಿಎಫ್ ಸದಸ್ಯರಾದ ಪ್ರತಿಯೊಬ್ಬರಿಗೂ 1976ರಿಂದ ಇಡಿಎಲ್‌ಐ ಎಂಬ ಜೀವವಿಮೆ ಇದೆ. ನೌಕರನ ಸಂಬಳದಿಂದ ಇದಕ್ಕೆ ಒಂದು ಪೈಸೆಯೂ ಕಡಿತವಾಗುವುದಿಲ್ಲ, ಮಾಲೀಕರೇ ಕಟ್ಟುತ್ತಾರೆ. ಸಂಬಳದ ಚೀಟಿಯಲ್ಲಿ ಕಾಣಿಸದ ಕಾರಣಕ್ಕೇ ಇದು ಮರೆತುಹೋಗುತ್ತದೆ. ಲೆಕ್ಕ ಹೀಗಿದೆ: ಕೊನೆಯ 12 ತಿಂಗಳ ಸರಾಸರಿ ಪಿಎಫ್ ವೇತನದ (ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ, 15,000ದ ಮಿತಿಯಲ್ಲಿ) 35 ಪಟ್ಟು, ಅದಕ್ಕೆ ಪಿಎಫ್ ಖಾತೆಯಲ್ಲಿದ್ದ ಸರಾಸರಿ ಮೊತ್ತದ ಅರ್ಧವನ್ನು 1,75,000 ರೂಪಾಯಿಗಳ ಮಿತಿಯಲ್ಲಿ ಸೇರಿಸಬೇಕು. ನಿಮ್ಮ ಪತಿಯವರ 14,000ಕ್ಕೆ 35 ಪಟ್ಟು ಎಂದರೆ 4,90,000. ಖಾತೆಯಲ್ಲಿ ಸರಾಸರಿ 2,00,000 ಇತ್ತೆಂದುಕೊಂಡರೆ ಅದರ ಅರ್ಧ 1,00,000 ಸೇರಿ 5,90,000 ರೂಪಾಯಿ ಆಗುತ್ತದೆ. ಇದರ ಗರಿಷ್ಠ ಮಿತಿ 7 ಲಕ್ಷ. ಕೊನೆಯ 12 ತಿಂಗಳು ಬಿಡದೆ ಕೆಲಸ ಮಾಡಿದವರಿಗೆ ಕನಿಷ್ಠ 2.5 ಲಕ್ಷ. "ಏನೂ ಬರುವುದಿಲ್ಲ" ಎಂದವರು ಇದನ್ನು ತಿಳಿಯದೆ ಹೇಳಿದರೋ ತಿಳಿದೇ ಹೇಳಿದರೋ, ನಿಮಗೆ ಆಗುವ ನಷ್ಟ ಒಂದೇ.

ಇದರ ಜೊತೆಗೆ ಪಿಎಫ್ ಖಾತೆಯಲ್ಲಿರುವ ಪೂರ್ಣ ಮೊತ್ತ ಮತ್ತು ಪಿಂಚಣಿ ಇವೆ. 1995ರ ಪಿಂಚಣಿ ಯೋಜನೆಯಲ್ಲಿ ನಿವೃತ್ತಿ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕೆಂಬುದು ಎಲ್ಲರಿಗೂ ಗೊತ್ತಿರುವುದರಿಂದ, ಏಳೇ ವರ್ಷವಾಗಿದೆ ಎಂದು ನೀವು ಕೇಳದೆ ಸುಮ್ಮನಾಗುವ ಸಾಧ್ಯತೆ ಇದೆ. ಸೇವೆಯಲ್ಲಿದ್ದಾಗಲೇ ಮೃತರಾದವರಿಗೆ ಆ ಷರತ್ತಿಲ್ಲ; ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಪತ್ನಿಗೆ ಪಿಂಚಣಿ ಬರುತ್ತದೆ. ಅದು ತಿಂಗಳಿಗೆ 1,000 ರೂಪಾಯಿಗಿಂತ ಕಡಿಮೆ ಇರುವುದಿಲ್ಲ. ಇಬ್ಬರು ಮಕ್ಕಳಿಗೆ, ತಲಾ ನಿಮ್ಮ ಪಿಂಚಣಿಯ ಶೇ 25ರಷ್ಟು, 25 ವರ್ಷ ತುಂಬುವವರೆಗೆ ಪ್ರತ್ಯೇಕವಾಗಿ ಸಿಗುತ್ತದೆ.

ಸೇವೆಯ ವರ್ಷಗಳಿಗೆ ತಕ್ಕಂತೆ ಮಾಲೀಕರು ಕೊಡಬೇಕಾದ ಗ್ರಾಚ್ಯುಟಿಯನ್ನು ಮಾತ್ರ ಕಾರ್ಖಾನೆಯಿಂದಲೇ ಕೇಳಬೇಕು. ತಿಂಗಳಿಗೆ 26 ಕೆಲಸದ ದಿನ, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನ ಎಂಬುದು ಲೆಕ್ಕ; ನಿಮ್ಮ ಪತಿಯವರ 14,000ವನ್ನು 26ರಿಂದ ಭಾಗಿಸಿ 15ರಿಂದಲೂ 7ರಿಂದಲೂ ಗುಣಿಸಿದರೆ ಸುಮಾರು 56,500 ರೂಪಾಯಿ ಬರುತ್ತದೆ. ಐದು ವರ್ಷ ತುಂಬಿರಬೇಕೆಂಬ ನಿಯಮ ಸಾವಿನ ಸಂದರ್ಭಕ್ಕೆ ಅನ್ವಯಿಸುವುದಿಲ್ಲ ಎಂಬುದನ್ನು ಇದೇ ಸ್ಥಿತಿಯಲ್ಲಿರುವ ಬೇರೆಯವರೂ ಗಮನಿಸಲಿ.

ಪಿಎಫ್, ವಿಮೆ, ಪಿಂಚಣಿ ಮೂರಕ್ಕೂ ಸೇರಿ ಒಂದೇ ಸಂಯುಕ್ತ ಅರ್ಜಿ ಇದೆ. ಮಾಲೀಕರ ಸಹಿ ಸಿಗದಿದ್ದರೆ ಬ್ಯಾಂಕ್ ಮ್ಯಾನೇಜರ್ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣದೊಂದಿಗೆ ನೇರವಾಗಿ ಪಿಎಫ್ ಕಚೇರಿಗೆ ಸಲ್ಲಿಸಬಹುದು. ಈ ಅರ್ಜಿಗೆ ಶುಲ್ಕವಿಲ್ಲ. "ಶೇಕಡಾ ಹತ್ತು ಕೊಟ್ಟರೆ ಮಾಡಿಸಿಕೊಡುತ್ತೇನೆ" ಎಂದು ಕಚೇರಿಯ ಹೊರಗೆ ಯಾರಾದರೂ ಹೇಳಿದರೆ, 5,90,000ಕ್ಕೆ ಹತ್ತು ಶೇಕಡಾ ಎಷ್ಟೆಂದು ಅಲ್ಲೇ ನಿಂತು ಲೆಕ್ಕ ಹಾಕಿ. ಅರ್ಜಿ ಹಾಕುವ ಮುನ್ನ ಮರಣ ಪ್ರಮಾಣಪತ್ರ, ಆಧಾರ್, ಪಿಎಫ್ ದಾಖಲೆ ಮೂರರಲ್ಲೂ ಪತಿಯವರ ಹೆಸರಿನ ಅಕ್ಷರ ಒಂದೇ ತೆರನಾಗಿದೆಯೇ ನೋಡಿಕೊಳ್ಳಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದ ಮಾತ್ರಕ್ಕೆ ಕಡತ ತಿಂಗಳುಗಟ್ಟಲೆ ಮೇಜಿನ ಮೇಲೆ ಕೂತದ್ದನ್ನು ನಾವು ಕಂಡಿದ್ದೇವೆ.

ಪ್ರಶ್ನೆ: ನಮ್ಮ ತಂದೆ ತೀರಿಕೊಂಡ ದಿನ ಅವರ ಎಟಿಎಂ ಕಾರ್ಡಿನಿಂದ 20,000 ರೂಪಾಯಿ ತೆಗೆದು ಶವಸಂಸ್ಕಾರಕ್ಕೆ ಬಳಸಿದೆ. ಖಾತೆಗೆ ನಾನೇ ನಾಮಿನಿ. ಈಗ ತಂಗಿ, "ನನ್ನನ್ನು ಕೇಳದೆ ಹೇಗೆ ತೆಗೆದೆ" ಎನ್ನುತ್ತಿದ್ದಾಳೆ. ನಾನು ಮಾಡಿದ್ದು ತಪ್ಪೇ?

ಉತ್ತರ: ಉದ್ದೇಶ ತಪ್ಪಲ್ಲ, ದಾರಿ ತಪ್ಪು. ಕಾರ್ಡ್ ಬಳಸುವ ಅಧಿಕಾರ ಖಾತೆದಾರರೊಂದಿಗೇ ಕೊನೆಯಾಗುತ್ತದೆ. ಪಿನ್ ಗೊತ್ತಿರುವುದರಿಂದಾಗಲೀ ನಾಮಿನಿ ಆಗಿರುವುದರಿಂದಾಗಲೀ ಆ ಅಧಿಕಾರ ಬೇರೆಯವರಿಗೆ ಬರುವುದಿಲ್ಲ. ಬ್ಯಾಂಕ್ ಖಾತೆಯ ನಾಮಿನಿ ಹಣವನ್ನು ಪಡೆದುಕೊಳ್ಳುವವರು ಮಾತ್ರ; ಅದರ ಒಡೆತನ ವಾರಸುದಾರರೆಲ್ಲರದು, ಅಂದರೆ ತಂಗಿಗೂ ಪಾಲಿದೆ. ಆದರೆ ನಿಮ್ಮ ಪರವಾಗಿಯೂ ಕಾನೂನಿನಲ್ಲಿ ಒಂದು ಮಾತಿದೆ. ಮೃತರ ಆಸ್ತಿಯನ್ನು ನಿರ್ವಹಿಸುವವರು ಅವರ ಬೇರೆಲ್ಲ ಸಾಲಗಳಿಗಿಂತ ಮೊದಲು, ನ್ಯಾಯವಾದ ಮಿತಿಯಲ್ಲಿ, ಅಂತ್ಯಸಂಸ್ಕಾರದ ಖರ್ಚನ್ನೂ ಕೊನೆಗಾಲದ ಚಿಕಿತ್ಸೆಯ ಖರ್ಚನ್ನೂ ತೀರಿಸಬೇಕೆಂದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 320ನೇ ಸೆಕ್ಷನ್ ಹೇಳುತ್ತದೆ. ಆ 20,000ಕ್ಕೆ ಆಂಬುಲೆನ್ಸ್, ಚಿತಾಗಾರ, ಪುರೋಹಿತರು ಎಂದು ರಸೀದಿಗಳೊಂದಿಗೆ ಒಂದು ಹಾಳೆಯಲ್ಲಿ ಲೆಕ್ಕ ಬರೆದು ತಂಗಿಗೆ ತೋರಿಸಿ. ಉಳಿದ ಹಣಕ್ಕೆ ಕಾರ್ಡ್ ಮುಟ್ಟದೆ, ಮರಣ ಪ್ರಮಾಣಪತ್ರದೊಂದಿಗೆ ನಾಮಿನಿಯಾಗಿ ಬ್ಯಾಂಕಿಗೆ ಅರ್ಜಿ ಕೊಡಿ. ನಾಮಿನಿ ಇರುವ ಖಾತೆಗೆ ಬ್ಯಾಂಕಿನವರು ಉತ್ತರಾಧಿಕಾರ ಪ್ರಮಾಣಪತ್ರ ಕೇಳುವಂತಿಲ್ಲ.

ಖಾತೆ ಮುಚ್ಚಿಸುವ ಮೊದಲು ಪಾಸ್‌ಬುಕ್ಕಿನಲ್ಲಿ ಮೇ ತಿಂಗಳ ಕೊನೆಯ ವಾರದ ಸಾಲುಗಳ ಮೇಲೆ ಬೆರಳಿಟ್ಟು ನೋಡಿ. 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ. 55 ವರ್ಷದೊಳಗೆ ಯಾವ ಕಾರಣದಿಂದ ಸಾವು ಬಂದರೂ 2 ಲಕ್ಷ ಬರುತ್ತದೆ, ಹೊಸದಾಗಿ ಸೇರಿದವರಿಗೆ ಮೊದಲ 30 ದಿನಗಳಲ್ಲಿ ಅಪಘಾತದ ಸಾವಿಗೆ ಮಾತ್ರ. 20 ರೂಪಾಯಿ ಕಡಿತವಾಗಿದ್ದರೆ ಅದು ಸುರಕ್ಷಾ ವಿಮೆ. 70 ವರ್ಷದವರೆಗೆ, ಅಪಘಾತದ ಸಾವಿಗೆ 2 ಲಕ್ಷ. ಕಡಿತದ ಸಂದೇಶ ತಂದೆಯವರ ಮೊಬೈಲಿಗೆ ಬಂದು ಅಲ್ಲೇ ಉಳಿದಿರುತ್ತದೆ, ಮಕ್ಕಳಿಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ಹೆದ್ದಾರಿ ದಾಟುವಾಗ ಗುರುತು ಸಿಗದ ವಾಹನ ಡಿಕ್ಕಿ ಹೊಡೆದು ನನ್ನ ತಮ್ಮ ಸ್ಥಳದಲ್ಲೇ ಮೃತಪಟ್ಟ. ವಾಹನವೇ ಸಿಗದಿದ್ದರೆ ಪರಿಹಾರ ಕೇಳುವುದು ಯಾರನ್ನು?

ಉತ್ತರ: ಸರ್ಕಾರವನ್ನು. ಡಿಕ್ಕಿ ಹೊಡೆದು ಪರಾರಿಯಾದ ಪ್ರಕರಣಗಳಲ್ಲಿ ಮೃತರ ಕುಟುಂಬಕ್ಕೆ 2022ರ ಏಪ್ರಿಲ್ 1ರಿಂದ 2 ಲಕ್ಷ ರೂಪಾಯಿ ನಿಗದಿಯಾಗಿದೆ. ಎಫ್‌ಐಆರ್ ಮತ್ತು ಮರಣೋತ್ತರ ಪರೀಕ್ಷೆಯ ವರದಿಯೊಂದಿಗೆ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಕಚೇರಿಯಲ್ಲಿ ಈ ಯೋಜನೆಯ ಅರ್ಜಿಯನ್ನು ಕೇಳಿ ಪಡೆಯಿರಿ. ವಾಹನ ಮುಂದೆ ಪತ್ತೆಯಾದರೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗಬಹುದು. ಅಪಘಾತದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬುದು ಕಾಯ್ದೆಯ ಮಾತು. ಅಲ್ಲಿ ಕೊಡುವ ಪರಿಹಾರದಲ್ಲಿ ಅಂತ್ಯಸಂಸ್ಕಾರಕ್ಕೆಂದೇ ಪ್ರತ್ಯೇಕ ಬಾಬ್ತು ಇದ್ದು, ಪ್ರಣಯ್ ಸೇಠಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಅದನ್ನು 15,000 ರೂಪಾಯಿ ಎಂದು ನಿಗದಿಪಡಿಸಿ, ಮೂರು ವರ್ಷಕ್ಕೊಮ್ಮೆ ಶೇ 10ರಷ್ಟು ಏರಿಸಬೇಕೆಂದು ಹೇಳಿದೆ.

ಪ್ರಶ್ನೆ: ಕೂಲಿ ಮಾಡುತ್ತಿದ್ದ ನಮ್ಮ ತಂದೆಗೆ 52 ವರ್ಷ. ಜ್ವರ ಬಂದು ಹೋಗಿಬಿಟ್ಟರು. ಪಿಎಫ್, ವಿಮೆ ಯಾವುದೂ ಇಲ್ಲ, ಬಿಪಿಎಲ್ ಕಾರ್ಡ್ ಇದೆ. ಹದಿಮೂರನೆಯ ದಿನದ ಊಟಕ್ಕೆ ಸಾಲ ಮಾಡಬೇಕಾಗಿದೆ. ಸರ್ಕಾರದಿಂದ ಅಷ್ಟರೊಳಗೆ ಏನಾದರೂ ಸಿಗುತ್ತದೆಯೇ?

ಉತ್ತರ: ಅಷ್ಟರೊಳಗೆ ಸಿಗುವುದಿಲ್ಲ. ಈ ಅಂಕಣದಲ್ಲಿ ಹೇಳಿದ ಯಾವ ನೆರವೂ ಮುಂಗಡವಾಗಿ ಬರುವುದಲ್ಲ. ಆದ್ದರಿಂದ ಸರ್ಕಾರದ ಹಣ ಬಂದಾಗ ತೀರಿಸೋಣ ಎಂದು ಊಟಕ್ಕೆ ಬಡ್ಡಿ ಸಾಲ ಮಾಡಬೇಡಿ. ಮನೆಮಂದಿಗೆ ಸೀಮಿತವಾಗಿ ಕಾರ್ಯ ಮುಗಿಸಿದರೆ ತಂದೆಯವರಿಗೆ ಅಗೌರವವಾಯಿತು ಎಂದು ನಾವಂತೂ ಭಾವಿಸುವುದಿಲ್ಲ.

ನಿಮಗೆ ಸಲ್ಲಬೇಕಾದದ್ದು ರಾಷ್ಟ್ರೀಯ ಕುಟುಂಬ ನೆರವು ಯೋಜನೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬದ ಮುಖ್ಯ ದುಡಿಮೆಗಾರರು 18ರಿಂದ 59 ವರ್ಷದೊಳಗೆ ತೀರಿಕೊಂಡರೆ ಒಂದು ಬಾರಿಗೆ 20,000 ರೂಪಾಯಿ ಕೊಡುತ್ತಾರೆ, ಸಾವು ಸಹಜವೇ ಆಗಿದ್ದರೂ ಸರಿ. ನಾಡಕಚೇರಿಯಲ್ಲಿ ವಿಚಾರಿಸುವಾಗ ಅಂತ್ಯಸಂಸ್ಕಾರ ಸಹಾಯ ಮತ್ತು ನಿಮ್ಮ ತಾಯಿಯವರಿಗೆ ವಿಧವಾ ವೇತನ, ಇವೆರಡನ್ನೂ ಹೆಸರಿಟ್ಟು ಕೇಳಿ. ತಂದೆ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದು ಕಾರ್ಮಿಕ ಕಾರ್ಡ್ ಮಾಡಿಸಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿಂದ ಅಂತ್ಯಕ್ರಿಯೆಗೂ ಕುಟುಂಬಕ್ಕೂ ಸಹಾಯವಿದೆ. ಸಂಘದ ಅಥವಾ ಫೈನಾನ್ಸಿನ ಸಾಲವಿದ್ದರೆ, ಮುಂದಿನ ಕಂತು ಕಟ್ಟುವ ಮೊದಲು ಸಾಲದ ಕಾಗದ ತೆಗೆದು ವಿಮೆಯ ಹಣ ಹಿಡಿದುಕೊಂಡಿದ್ದಾರೆಯೇ ನೋಡಿ. ಹಿಡಿದಿದ್ದರೆ ಸಾಲ ತೀರಿಸುವುದು ವಿಮಾ ಕಂಪನಿಯ ಹೊಣೆ.

ಇವೆಲ್ಲಕ್ಕೂ ಮರಣ ಪ್ರಮಾಣಪತ್ರ ಬೇಕು. ಸಾವು ಮನೆಯಲ್ಲಾಗಿದ್ದರೆ ತಾನಾಗಿ ಯಾರೂ ನೋಂದಾಯಿಸುವುದಿಲ್ಲ, ಮನೆಯವರೇ ಹೋಗಿ ತಿಳಿಸಬೇಕು. 21 ದಿನಗಳೊಳಗೆ ಹೋದರೆ ಶುಲ್ಕವಿಲ್ಲ. ಆಮೇಲೆ ದಂಡ, ಅನುಮತಿ ಎಂದು ಓಡಾಟ ಹೆಚ್ಚುತ್ತದೆ. ಹದಿಮೂರನೆಯ ದಿನ ಮುಗಿಯಲಿ ಎಂದು ಕಾಯದೆ ಈ ವಾರವೇ ಹೋಗಿ, ನಾಲ್ಕೈದು ಪ್ರತಿಗಳನ್ನು ಒಟ್ಟಿಗೇ ಪಡೆದುಕೊಳ್ಳಿ.