ಉತ್ತರ ಕೊಡುವ ಯಂತ್ರ ಬಂದ ಮೇಲೆ ಮೇಷ್ಟ್ರಿಗೇನು ಕೆಲಸ?

ಕೃತಕ ಬುದ್ಧಿಮತ್ತೆಯ (ಎಐ) ಕಾಲದಲ್ಲಿ ಶಿಕ್ಷಕರ ಪಾತ್ರ ಹೇಗೆ ಬದಲಾಗುತ್ತಿದೆ ಎಂಬ ಬಗ್ಗೆ ಓದುಗರು ಕೇಳಿದ ಕೆಲವು ಪ್ರಶ್ನೆಗಳಿಗೆ ಶಿಕ್ಷಕರಿಗೆ ತರಬೇತಿ ನೀಡುವ ತಜ್ಞರೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಗಣಿತದ ಶಿಕ್ಷಕ. ಯಾವ ಲೆಕ್ಕ ಕೊಟ್ಟರೂ ಮಕ್ಕಳು ಮೊಬೈಲಿನಲ್ಲಿ ಫೋಟೊ ತೆಗೆದು ಎಐಗೆ ಕೊಡುತ್ತಾರೆ. ಹಂತಹಂತವಾಗಿ ಬಿಡಿಸಿದ ಉತ್ತರ ಕ್ಷಣದಲ್ಲಿ ಬರುತ್ತದೆ. ‘ನಿಮಗಿಂತ ಅದೇ ಚೆನ್ನಾಗಿ ವಿವರಿಸುತ್ತದೆ ಸರ್’ ಎಂದು ಒಬ್ಬ ಹುಡುಗ ಮುಖಕ್ಕೇ ಹೇಳಿದ. ಇನ್ನು ನನಗೇನು ಕೆಲಸ?

ಉತ್ತರ: ಹುಡುಗ ಹೇಳಿದ್ದು ನಿಜವೇ ಇರಬಹುದು, ಬೇಸರ ಮಾಡಿಕೊಳ್ಳಬೇಡಿ. ಹತ್ತನೆಯ ಸಲ ಕೇಳಿದರೂ ಯಂತ್ರ ಮುಖ ಸಿಂಡರಿಸುವುದಿಲ್ಲ. ಆ ಸ್ಪರ್ಧೆಗೆ ನೀವು ಇಳಿಯುವ ಅಗತ್ಯವೂ ಇಲ್ಲ. ವಿವರಿಸುವುದು ನಿಮ್ಮ ಕೆಲಸದ ಒಂದು ಭಾಗ, ಅದರಲ್ಲೂ ಸುಲಭದ ಭಾಗ.

ಒಂದು ಸಣ್ಣ ಲೆಕ್ಕ ತೆಗೆದುಕೊಳ್ಳಿ. 52ರಲ್ಲಿ 38 ಕಳೆದು ಮಗು 26 ಎಂದು ಬರೆದಿದೆ. ಯಂತ್ರವನ್ನು ಕೇಳಿದ್ದರೆ 14 ಎಂಬ ಉತ್ತರವೂ ಅದರ ವಿಧಾನವೂ ಬರುತ್ತಿತ್ತು, ಮಗು ಅದನ್ನು ನೋಡಿ ಬರೆದುಕೊಂಡು ಮುಂದೆ ಹೋಗುತ್ತಿತ್ತು. ಪಳಗಿದ ಶಿಕ್ಷಕರಿಗೆ 26 ಎಂಬುದನ್ನು ಕಂಡೊಡನೆ ಒಳಗೆ ನಡೆದದ್ದೆಲ್ಲ ತಿಳಿಯುತ್ತದೆ. ಎರಡರಲ್ಲಿ ಎಂಟು ಹೋಗುವುದಿಲ್ಲವಾದ್ದರಿಂದ ಮಗು ಎಂಟರಲ್ಲೇ ಎರಡನ್ನು ಕಳೆದಿದೆ. ‘ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆ’ ಎಂಬ ನಿಯಮವೊಂದನ್ನು ಅದು ತಾನೇ ಮಾಡಿಕೊಂಡಿದೆ, ನಿಷ್ಠೆಯಿಂದ ಪಾಲಿಸಿಯೂ ಇದೆ. ಅದೇ ಮಗು 81ರಲ್ಲಿ 47 ಕಳೆದರೆ 46 ಬರೆಯುತ್ತದೆ. ಆದರೆ 63ರಲ್ಲಿ 21 ಕಳೆಯಲು ಹೇಳಿ, ಸರಿಯುತ್ತರವೇ ಬರುತ್ತದೆ. ತಪ್ಪು ನಿಯಮ ಹಾಗೆಯೇ ಒಳಗೆ ಉಳಿಯುತ್ತದೆ.

ಮಗುವಿನ ತಪ್ಪನ್ನೇ ತೋರಿಸಿ ಕೇಳಿದರೆ ಎಐ ಕೂಡ ಇದನ್ನು ಗುರುತಿಸಬಲ್ಲದು ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಆದರೆ ತಾನು ತಪ್ಪಿದ್ದೇನೆ ಎಂದೇ ಗೊತ್ತಿಲ್ಲದ ಮಗು ಏನೆಂದು ಕೇಳೀತು? ಕೇಳದೆ ಉಳಿದದ್ದನ್ನು ಪತ್ತೆ ಮಾಡುವುದೇ ಈಗ ನಿಮ್ಮ ಮುಖ್ಯ ಕೆಲಸ.

ಇದು ನನ್ನೊಬ್ಬನ ಅಭಿಪ್ರಾಯವಲ್ಲ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಸಂಶೋಧಕರು ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಗಣಿತ ಕಲಿಕೆಯನ್ನು ಗಮನಿಸಿದರು. ಒಂದು ಗುಂಪಿಗೆ ಪುಸ್ತಕ, ಟಿಪ್ಪಣಿ ಮಾತ್ರ. ಎರಡನೆಯದಕ್ಕೆ ಚಾಟ್‌ಜಿಪಿಟಿಯಂಥ ಸಾಮಾನ್ಯ ಚಾಟ್‌ಬಾಟ್. ಮೂರನೆಯದಕ್ಕೂ ಚಾಟ್‌ಬಾಟೇ, ಆದರೆ ಅದು ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂಥದ್ದು. ಅಭ್ಯಾಸದ ಹೊತ್ತಿನಲ್ಲಿ ಎರಡನೆಯ ಗುಂಪಿನ ಸಾಧನೆ ಶೇಕಡ 48ರಷ್ಟು, ಮೂರನೆಯ ಗುಂಪಿನದು ಶೇಕಡ 127ರಷ್ಟು ಏರಿತು. ಬಳಿಕ ಎಐ ಇಲ್ಲದೆ ಪರೀಕ್ಷೆ ನಡೆಯಿತು. ಎರಡನೆಯ ಗುಂಪಿನವರು ಪುಸ್ತಕ ಮಾತ್ರ ಹಿಡಿದು ಓದಿದವರಿಗಿಂತ ಶೇಕಡ 17ರಷ್ಟು ಹಿಂದೆ ಬಿದ್ದರು. ತಾವು ಕಡಿಮೆ ಕಲಿತಿದ್ದೇವೆ ಎಂಬ ಸುಳಿವೂ ಅವರಿಗೆ ಇರಲಿಲ್ಲ. ಸುಳಿವಿನ ಚಾಟ್‌ಬಾಟ್ ಬಳಸಿದವರಿಗೆ ಈ ನಷ್ಟ ಬಹುಮಟ್ಟಿಗೆ ತಪ್ಪಿತು. ಆ ಚಾಟ್‌ಬಾಟಿಗೆ ಮಕ್ಕಳು ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ, ಆಗ ಯಾವ ಸುಳಿವು ಕೊಡಬೇಕು ಎಂಬ ತಿಳಿವಳಿಕೆ ಬಂದದ್ದು ಶಿಕ್ಷಕರಿಂದ.

ಹಾಗಾದರೆ ತರಗತಿಯಲ್ಲಿ ಏನು ಮಾಡಬೇಕು? ಹೊಸ ಲೆಕ್ಕದ ಮೊದಲ ಹದಿನೈದು ನಿಮಿಷ ಮೊಬೈಲ್ ಬೇಡ. ತಪ್ಪಾದರೂ ಸರಿ, ಪ್ರತಿಯೊಬ್ಬರೂ ಸ್ವಂತ ಪ್ರಯತ್ನವೊಂದನ್ನು ಕಾಗದದ ಮೇಲೆ ಇಳಿಸಲಿ. ಆಮೇಲೆ ಎಐ ತೆರೆಯಲಿ, ಅದು ಕೊಟ್ಟ ವಿಧಾನವನ್ನು ಕರಿಹಲಗೆಯ ಮುಂದೆ ನಿಂತು ಸಮರ್ಥಿಸಲಿ. ‘ಈ ಹಂತ ಏಕೆ?’ ಎಂದು ನೀವು ಎರಡು ಸಲ ಕೇಳಿದರೆ ಸಾಕು, ಅರ್ಥವಾದದ್ದು ಯಾರಿಗೆ, ನಕಲು ಮಾಡಿದವರು ಯಾರು ಎಂಬುದು ಬಯಲಾಗುತ್ತದೆ. ಮುಂದೆ ಬರುವ ಸಾಧ್ಯತೆ ಹೆಚ್ಚಿರುವ ಪದವನ್ನು ಆರಿಸುತ್ತ ಹೋಗುವುದು ಈ ಯಂತ್ರಗಳ ಮೂಲ ಸ್ವಭಾವ. ಹಾಗಾಗಿ ಸರಿಯನ್ನು ಹೇಳುವ ಧೈರ್ಯದಲ್ಲೇ ತಪ್ಪನ್ನೂ ಹೇಳುತ್ತವೆ. ಅಂಥ ತಪ್ಪು ಉತ್ತರವೊಂದು ಸಿಕ್ಕರೆ ಎತ್ತಿಟ್ಟುಕೊಳ್ಳಿ, ಒಂದು ಪೂರ್ತಿ ಪೀರಿಯಡ್ಡಿಗೆ ಸಾಕಾಗುವ ಸರಕು ಅದು.

ಪ್ರಶ್ನೆ: ವಿದ್ಯಾರ್ಥಿನಿಯೊಬ್ಬಳ ಪ್ರಬಂಧವನ್ನು ‘ಎಐ ಪತ್ತೆ’ ತಂತ್ರಾಂಶಕ್ಕೆ ಹಾಕಿದೆ. ಶೇಕಡ 92 ಯಂತ್ರದ ಬರಹ ಎಂದಿತು. ಅವಳು ತಾನೇ ಬರೆದದ್ದು ಎಂದು ಅಳುತ್ತಿದ್ದಾಳೆ. ಭಾಷಾ ಶಿಕ್ಷಕಿಯಾಗಿ ನಾನು ಸೊನ್ನೆ ಕೊಡಬೇಕೇ?

ಉತ್ತರ: ಕೊಡಬೇಡಿ. ಆ ಅಂಕಿ ಸಾಕ್ಷ್ಯವಲ್ಲ, ತಂತ್ರಾಂಶದ ಊಹೆ.

ಚಾಟ್‌ಜಿಪಿಟಿಯನ್ನು ತಯಾರಿಸಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥದೊಂದು ಸಾಧನವನ್ನು ಬಿಡುಗಡೆ ಮಾಡಿತ್ತು. ಕಂಪನಿಯದೇ ಪರೀಕ್ಷೆಯಲ್ಲಿ ಅದು ಯಂತ್ರ ಬರೆದ ಪಠ್ಯಗಳಲ್ಲಿ ಶೇಕಡ 26ನ್ನು ಮಾತ್ರ ಹಿಡಿಯಿತು, ಮನುಷ್ಯರು ಬರೆದವುಗಳಲ್ಲಿ ಶೇಕಡ 9ನ್ನು ಯಂತ್ರದವು ಎಂದು ದೂರಿತು. ಜುಲೈ ಹೊತ್ತಿಗೆ ಕಂಪನಿ ಅದನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗಾಗಿ ಬರೆದ ಪ್ರಬಂಧಗಳನ್ನು ಏಳು ಪತ್ತೆ ಸಾಧನಗಳಿಗೆ ಹಾಕಿದರು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳು ಯಂತ್ರದವು ಎಂಬ ತೀರ್ಪು ಬಂತು. ಕಾರಣ ಸರಳ. ಮುಂದಿನ ಪದವನ್ನು ಎಷ್ಟು ಸುಲಭವಾಗಿ ಊಹಿಸಬಹುದು ಎಂಬುದನ್ನು ಈ ಸಾಧನಗಳು ಅಳೆಯುತ್ತವೆ. ಎರಡನೆಯ ಭಾಷೆಯಲ್ಲಿ ಬರೆಯುವವರು ಬಳಕೆಯ ಪದ, ಚಿಕ್ಕ ವಾಕ್ಯಗಳಿಗೆ ಅಂಟಿಕೊಳ್ಳುತ್ತಾರೆ. ಅದನ್ನು ಊಹಿಸುವುದು ಸುಲಭ. ಪಾಠ ಕೇಳಿ ಎಚ್ಚರದಿಂದ ಬರೆಯುವ ಮಗುವೇ ಹೀಗೆ ಕಳ್ಳರ ಪಟ್ಟಿಗೆ ಸೇರುವ ಅಪಾಯವಿದೆ.

ಆ ಹುಡುಗಿಯನ್ನು ಹತ್ತು ನಿಮಿಷ ಪಕ್ಕದಲ್ಲಿ ಕೂರಿಸಿಕೊಂಡು ಮಾತನಾಡಿಸಿ. ಎರಡನೆಯ ಪ್ಯಾರಾದ ಉದಾಹರಣೆಯನ್ನು ಏಕೆ ತಂದೆ, ಬರೆಯಲು ಹೊರಟು ಕೈಬಿಟ್ಟದ್ದು ಏನಾದರೂ ಇತ್ತೇ ಎಂದು ಕೇಳಿ. ತಾನೇ ಬರೆದವರಿಗೆ ಬಿಟ್ಟದ್ದೂ ನೆನಪಿರುತ್ತದೆ. ವಿಚಾರಣೆಯ ದನಿ ಮಾತ್ರ ಬೇಡ.

ಮುಂದಿನ ಪ್ರಬಂಧದಿಂದ ಅಂಕಗಳನ್ನು ಹಂಚಿಬಿಡಿ: ತರಗತಿಯಲ್ಲೇ ಮಾಡಿದ ರೂಪರೇಖೆಗೆ ಸ್ವಲ್ಪ, ಮೊದಲ ಕರಡಿಗೆ ಸ್ವಲ್ಪ, ತಿದ್ದಿದ ಪ್ರತಿಗೆ ಉಳಿದದ್ದು. ಯಾವ ಹಂತದಲ್ಲಿ ಎಐ ಬಳಸಬಹುದು, ಯಾವುದರಲ್ಲಿ ಕೂಡದು ಎಂಬುದನ್ನು ಮೊದಲೇ ಹೇಳಿಬಿಡಿ. ಹೇಳದೆ ಇದ್ದ ನಿಯಮವನ್ನು ಮುರಿದಿದ್ದಕ್ಕೆ ಶಿಕ್ಷಿಸುವುದು ನ್ಯಾಯವಲ್ಲ.

ಪ್ರಶ್ನೆ: ನಮ್ಮ ಮಗಳಿಗೆ ಒಂಬತ್ತು ವರ್ಷ. ಹೋಮ್‌ವರ್ಕ್ ಮಾಡುವಾಗ ಚಾಟ್‌ಬಾಟ್ ಕೊಡಬಹುದೇ?

ಉತ್ತರ: ಅವಳ ಕೈಗೇ ಕೊಟ್ಟುಬಿಡುವುದು ಬೇಡ. ಯುನೆಸ್ಕೊ 2023ರಲ್ಲಿ ಹೊರತಂದ ಮಾರ್ಗಸೂಚಿಯು ತರಗತಿಯಲ್ಲಿ ಇಂಥ ಸಾಧನ ಬಳಸಲು ಕನಿಷ್ಠ 13 ವರ್ಷ ಇರಲಿ ಎನ್ನುತ್ತದೆ. ನೀವು ಜೊತೆಗೆ ಕೂತು ಬಳಸುವುದಾದರೆ ಕ್ರಮವನ್ನು ತಿರುಗಿಸಿ: ಮಗಳು ಕೇಳುವುದರ ಬದಲು ಯಂತ್ರ ಕೇಳಲಿ. ಪಾಠ ಓದಿ ಪುಸ್ತಕ ಮುಚ್ಚಿದ ಮೇಲೆ ಐದು ಪ್ರಶ್ನೆ ಕೇಳುವಂತೆ ನೀವು ಟೈಪ್ ಮಾಡಿ. ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರತೆಗೆದದ್ದು ಹೆಚ್ಚು ಕಾಲ ಉಳಿಯುತ್ತದೆ ಎಂಬುದನ್ನು ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲೇ ತೋರಿಸಿದ್ದಾರೆ.

ಪ್ರಶ್ನೆ: ಉತ್ತರಪತ್ರಿಕೆ ತಿದ್ದುವುದನ್ನು ಇನ್ನು ಎಐ ಮಾಡುತ್ತದೆ, ಆದ್ದರಿಂದ ಪ್ರತಿ ಶಿಕ್ಷಕರೂ ಇನ್ನಷ್ಟು ಮಕ್ಕಳನ್ನು ನೋಡಿಕೊಳ್ಳಬೇಕು ಎನ್ನುತ್ತಿದೆ ನಮ್ಮ ಶಾಲೆಯ ಆಡಳಿತ ಮಂಡಳಿ. ಏನು ಹೇಳಲಿ?

ಉತ್ತರ: ಈ ಬಗೆಯ ಆಸೆ ಹಳೆಯದು. ಚಲನಚಿತ್ರ ಬಂದಾಗ ಪಠ್ಯಪುಸ್ತಕಗಳೇ ಬಹುಮಟ್ಟಿಗೆ ಬೇಡವಾಗುತ್ತವೆ ಎಂದು ಥಾಮಸ್ ಎಡಿಸನ್ 1922ರಲ್ಲಿ ಭವಿಷ್ಯ ನುಡಿದಿದ್ದರು. 1950ರ ದಶಕದಲ್ಲಿ ಮನೋವಿಜ್ಞಾನಿ ಸ್ಕಿನ್ನರ್ ಕಲಿಸುವ ಯಂತ್ರವನ್ನೇ ಕಟ್ಟಿದರು. ಎಐ ಮಾರುವವರು ಈಗ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಅವರ 1984ರ ಲೇಖನವನ್ನು ಎತ್ತಿ ಹೇಳುತ್ತಾರೆ: ಒಬ್ಬೊಬ್ಬರಿಗೇ ಕಲಿಸಿದರೆ ಸಾಮಾನ್ಯ ವಿದ್ಯಾರ್ಥಿಯೂ ತರಗತಿಯ ಬಹುತೇಕರನ್ನು ಮೀರಿಸುತ್ತಾನೆ ಎಂದು. ಅಲ್ಲಿ ಒಬ್ಬೊಬ್ಬರ ಪಕ್ಕ ಕೂತು ಕಲಿಸಿದವರು ಮನುಷ್ಯರು ಎಂಬುದನ್ನು ಹೇಳಲು ಮರೆಯುತ್ತಾರೆ!

ಬಹು ಆಯ್ಕೆಯ ಪ್ರಶ್ನೆಗಳು, ಕಾಗುಣಿತ, ಅಭ್ಯಾಸಕ್ಕೆ ಬೇಕಾದ ಹೊಸ ಲೆಕ್ಕಗಳು ಇವನ್ನೆಲ್ಲ ಯಂತ್ರಕ್ಕೆ ಬಿಡಿ, ಸಂತೋಷವಾಗಿ ಬಿಡಿ. ಅಂಕ ನಿರ್ಧರಿಸುವ ಮೌಲ್ಯಮಾಪನವನ್ನು ಬಿಡಬೇಡಿ. ಐರೋಪ್ಯ ಒಕ್ಕೂಟವು 2024ರ ತನ್ನ ಎಐ ಕಾನೂನಿನಲ್ಲಿ ವಿದ್ಯಾರ್ಥಿಗಳ ಕಲಿಕೆಯನ್ನು ಅಳೆಯುವ ವ್ಯವಸ್ಥೆಗಳನ್ನು ಹೆಚ್ಚು ಅಪಾಯದ ವರ್ಗಕ್ಕೆ ಸೇರಿಸಿ, ಅವುಗಳ ಮೇಲೆ ಮನುಷ್ಯರ ಮೇಲ್ವಿಚಾರಣೆ ಇರಲೇಬೇಕೆಂದಿದೆ. ಮಕ್ಕಳ ಹೆಸರು, ಅಂಕ, ಮನೆಯ ವಿವರಗಳನ್ನು ಉಚಿತ ಚಾಟ್‌ಬಾಟುಗಳಿಗೆ ತುಂಬುವುದಂತೂ ಕೂಡದು.

ತಿದ್ದುವಾಗಲೇ ಅಲ್ಲವೇ 52ರಿಂದ 38 ಹೋದರೆ 26 ಎಂಬುದು ಕಣ್ಣಿಗೆ ಬೀಳುವುದು? ಆ ಕೆಲಸ ಪೂರ್ತಿ ಯಂತ್ರಕ್ಕೆ ಹೋದರೆ ನಿಮಗೆ ಸಿಗುವುದು ಅಂಕಪಟ್ಟಿ ಮಾತ್ರ. ಆದ್ದರಿಂದ ಆಡಳಿತ ಮಂಡಳಿಗೆ ಬೇಡಿಕೆಯನ್ನು ಬರವಣಿಗೆಯಲ್ಲೇ ಕೊಡಿ: ಯಂತ್ರದಿಂದ ವಾರಕ್ಕೆ ಎಷ್ಟು ಗಂಟೆ ಉಳಿಯುತ್ತದೋ ಅಷ್ಟೂ ಗಂಟೆ, ಹಿಂದೆ ಬಿದ್ದ ಮಕ್ಕಳೊಂದಿಗೆ ಒಬ್ಬೊಬ್ಬರಾಗಿ ಕೂರಲು ವೇಳಾಪಟ್ಟಿಯಲ್ಲೇ ಮೀಸಲಾಗಲಿ. ಒಂದು ತಿಂಗಳು ಒಂದೇ ತರಗತಿಯಲ್ಲಿ ಇದನ್ನು ನಡೆಸಿ, ಎಐ ಇಲ್ಲದ ಪರೀಕ್ಷೆಯಿಂದ ಫಲವನ್ನು ಅಳೆಯಲು ಒಪ್ಪಿಸಿ. ಮಕ್ಕಳ ಸಂಖ್ಯೆ ಹೆಚ್ಚಿಸುವ ಮಾತನ್ನು ಆ ಫಲಿತಾಂಶ ಬರುವವರೆಗೆ ತಡೆಹಿಡಿಯುವಂತೆ ಕೇಳಿಕೊಳ್ಳಿ.