ನಾಣ್ಯ ಪ್ರಶ್ನೋತ್ತರ: ಕಚ್ಚಿದ ರೂಪಾಯಿ, ವಾಲಿದ ಸಿಂಹ

ಪ್ರಶ್ನೆ: ಪೀಣ್ಯದಲ್ಲಿ ಪವರ್ ಪ್ರೆಸ್ ಓಡಿಸಿ ನಿವೃತ್ತನಾದವನು. ಅಂಚಿನಲ್ಲಿ ಕಚ್ಚಿ ತಿಂದ ಹಾಗೆ ತುಂಡು ಹೋಗಿರುವ 25 ಮಿ.ಮೀ. ಸ್ಟೀಲ್ 1 ರೂಪಾಯಿ ಸಿಕ್ಕಿದೆ. ನಮ್ಮಲ್ಲಿ ಲೋಹದ ಪಟ್ಟಿ (ಸ್ಟ್ರಿಪ್) ಸರಿಯಾಗಿ ಸರಿಯದಿದ್ದರೆ ವಾಷರ್‌ಗಳು ಹೀಗೇ ಬೀಳುತ್ತಿದ್ದವು. ಇದೂ ಅದೇನಾ, ಇಲ್ಲ ಯಾರಾದರೂ ಅರ ಹಾಕಿ ಉಜ್ಜಿದ್ದಾರಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಟಂಕಸಾಲೆಯದೇ ಆಗಿದ್ದರೆ ಕಾರಣ ನೀವು ಹೇಳಿದ್ದೇ. ಸ್ಟ್ರಿಪ್ ಪೂರ್ತಿ ಮುಂದೆ ಸರಿಯದಿದ್ದಾಗ ಪಟ್ಟಿಯನ್ನು ದುಂಡಗೆ ಕತ್ತರಿಸುವ ಪಂಚ್ ಹಿಂದಿನ ತೂತಿನ ಮೇಲೆ ಸ್ವಲ್ಪ ಹತ್ತಿ ಬೀಳುತ್ತದೆ. ಬಿಲ್ಲೆ (ಇನ್ನೂ ಮುದ್ರೆ ಬೀಳದ ದುಂಡು ಲೋಹ) ಕಚ್ಚಿನ ಸಮೇತ ಹೊರಬರುತ್ತದೆ. ಆಮೇಲೆ ಆ ಬಿಲ್ಲೆ ಇನ್ನೂ ಎರಡು ಕಡೆ ಒತ್ತಿಸಿಕೊಳ್ಳುತ್ತದೆ: ಅಂಚು ಎಬ್ಬಿಸುವ ಯಂತ್ರದಲ್ಲಿ ಒಮ್ಮೆ, ಮುದ್ರೆ ಒತ್ತುವ ಪ್ರೆಸ್ಸಿನಲ್ಲಿ ಇನ್ನೊಮ್ಮೆ. ಅರ ಹಿಡಿದವರಿಗೆ ಈ ಎರಡರ ಗುರುತು ಹುಟ್ಟಿಸಲು ಬರುವುದಿಲ್ಲ.

10 ಪಟ್ಟಿನ ಮಸೂರದಲ್ಲಿ ಮೊದಲು ಕಚ್ಚಿನ ನೇರ ಎದುರಿನ ಅಂಚು ನೋಡಿ. ಅಂಚು ಎಬ್ಬಿಸುವಾಗ ಬಿಲ್ಲೆ ಎರಡು ಬದಿಯ ಒತ್ತಡದ ನಡುವೆ ಉರುಳುತ್ತದೆ. ಕಚ್ಚು ಒಂದು ಬದಿಗೆ ಬಂದಾಗ ಅಲ್ಲಿ ಆಸರೆ ಇರದು. ಹಾಗಾಗಿ ಎದುರು ಬದಿಗೂ ಒತ್ತಡ ಸಿಗದೆ ಅಲ್ಲಿಯ ಅಂಚು ತೆಳುವಾಗಿ, ಕೆಲವೊಮ್ಮೆ ಪೂರ್ತಿ ಮಾಸಿದಂತೆ ಉಳಿಯುತ್ತದೆ. ನಾನು ಹೆಚ್ಚು ನಂಬುವುದು ಈ ಗುರುತನ್ನೇ. ಎರಡನೆಯದು, ಕಚ್ಚಿನ ಪಕ್ಕದ ಅಕ್ಷರಗಳು. ಅಲ್ಲಿ ಲೋಹವನ್ನು ಕಾಲರ್ (ಮುದ್ರೆ ಒತ್ತುವಾಗ ಬಿಲ್ಲೆಯನ್ನು ಸುತ್ತುವರಿಯುವ ಬಳೆ) ತಡೆಯದ ಕಾರಣ ಅಕ್ಷರಗಳು ಕಚ್ಚಿನ ಕಡೆಗೆ ಎಳೆದಂತೆ ಸೊರಗಿರುತ್ತವೆ. ಅರದ ಕೆಲಸವಾದರೆ ಅಕ್ಷರ ನೆಟ್ಟಗೇ ಇದ್ದು, ಥಟ್ಟನೆ ಕಡಿದುಹೋಗಿರುತ್ತದೆ. ಕಚ್ಚಿನ ಒಳಗೆ ಸಾಲುಸಾಲು ಗೀರುಗಳೂ ಕಾಣುತ್ತವೆ. ಮೂರನೆಯದು, ಅದೇ ಅಳತೆಯ ಇನ್ನೊಂದು ನಾಣ್ಯವನ್ನು ಕಚ್ಚಿಗೆ ಹೊಂದಿಸಿ. ಬಾಗು ಹೆಚ್ಚುಕಮ್ಮಿ ಕೂಡಬೇಕು, ಎರಡೂ ಒಂದೇ ಅಳತೆಯ ಪಂಚಿನವಲ್ಲವೇ. ಕಚ್ಚು ಬಾಗದೆ ನೇರವಾಗಿದ್ದರೆ ಬಿಲ್ಲೆ ಸ್ಟ್ರಿಪ್ಪಿನ ಕೊನೆಯಲ್ಲೋ ಬದಿಯಲ್ಲೋ ಕತ್ತರಿಸಿದ್ದು ಎಂದರ್ಥ. ಅದೂ ಅಸಲಿಯೇ ಇರಬಹುದು.

ತಕ್ಕಡಿ ಇಲ್ಲಿ ತೀರ್ಪು ಕೊಡುವುದಿಲ್ಲ. ಈ ನಾಣ್ಯದ ಸರಿ ತೂಕ 4.85 ಗ್ರಾಂ, ಉಜ್ಜಿದರೂ ಇಳಿಯುತ್ತದೆ, ಕಚ್ಚಿದರೂ ಇಳಿಯುತ್ತದೆ. ಇಳಿಯದಿದ್ದರೆ ಮಾತ್ರ ಅನುಮಾನಿಸಿ: ಲೋಹ ಹೋಗಿಲ್ಲ, ಅಂಚನ್ನು ಬಡಿದು ಒಳಗೆ ತಳ್ಳಿದ್ದಾರೆ.

ಪ್ರಶ್ನೆ: 10 ರೂಪಾಯಿ ನಾಣ್ಯದಲ್ಲಿ ಸಿಂಹ ಮುದ್ರೆ ಓರೆಯಾಗಿದೆ, ಸುತ್ತಲಿನ ಅಕ್ಷರ ನೇರವಾಗಿದೆ. ಅಪರೂಪದ್ದೇ?
– ಓದುಗರು, ದಾವಣಗೆರೆ

ಉತ್ತರ: ಅಲ್ಲ, ಯಾರೋ ನಡುವಿನ ಬಿಲ್ಲೆ ಕಳಚಿ ತಿರುಗಿಸಿ ಕೂರಿಸಿದ್ದಾರೆ. ಹೊರಗಿನ ಹಳದಿ ಉಂಗುರ, ಒಳಗಿನ ಬಿಳಿ ಬಿಲ್ಲೆ ಎರಡೂ ಒಂದೇ ಡೈ (ಚಿತ್ರ ಕೆತ್ತಿದ ಅಚ್ಚು) ಅಡಿಯಲ್ಲಿ, ಒಂದೇ ಏಟಿಗೆ ಮುದ್ರೆಯಾಗುತ್ತವೆ. ಆ ಏಟಿಗೇ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಆದ್ದರಿಂದ ಸಿಂಹ ಒಂದು ಕಡೆ, ಅಕ್ಷರ ಇನ್ನೊಂದು ಕಡೆ ವಾಲಲು ದಾರಿಯೇ ಇಲ್ಲ. ಬಿಲ್ಲೆಯೇ ಪಕ್ಕಕ್ಕೆ ಸರಿದು, ಅದರ ಮೇಲೂ ಉಂಗುರದ ಮೇಲೂ ಚಿತ್ರ ಕಡಿಯದೆ ಹರಿದಿದ್ದರೆ ಅದು ಟಂಕಸಾಲೆಯ ತಪ್ಪು.

ಪ್ರಶ್ನೆ: ‘ಲಖಿ’ ನಾಣ್ಯ ಎಂದು ಒಂದನ್ನು ಮಾರಲು ಬಂದಿದ್ದಾರೆ. ಒಂದು ಮುಖದಲ್ಲಿ ಚಿತ್ರ ಉಲ್ಟಾ, ತಗ್ಗಾಗಿ ಇದೆ. ಹೇಗೆ ಪರೀಕ್ಷಿಸಲಿ?
– ಓದುಗರು, ಹುಬ್ಬಳ್ಳಿ

ಉತ್ತರ: ಮುದ್ರೆಯಾದ ನಾಣ್ಯ ಹೊರಬೀಳದೆ ಡೈಗೇ ಅಂಟಿ ನಿಂತಾಗ ಮುಂದಿನ ಬಿಲ್ಲೆಗೆ ಅದರ ಅಚ್ಚು ಬೀಳುತ್ತದೆ, ಇದು ಲಖಿ. ಮೊದಲ ಏಟಿನಲ್ಲಿ ಚಿತ್ರ ಅದೇ ಅಳತೆಯಲ್ಲಿ, ಸ್ಪಷ್ಟವಾಗಿರುತ್ತದೆ. ಅಂಟಿದ ನಾಣ್ಯ ಏಟು ತಿನ್ನುತ್ತ ಹೋದಂತೆ ಅಗಲವಾಗಿ, ಮುಂದಿನವುಗಳಲ್ಲಿ ಚಿತ್ರ ಹಿಗ್ಗಿ ಮಸುಕಾಗುತ್ತದೆ. ನಕಲಿಯವರು ಎರಡು ನಾಣ್ಯ ಜೋಡಿಸಿ ವೈಸ್‌ನಲ್ಲಿ ಬಿಗಿಯುತ್ತಾರೆ. ಹಾಗೆ ಮಾಡಿದಾಗ ಹಿಂಬದಿಯ ಚಿತ್ರ ಚಪ್ಪಟೆಯಾಗುತ್ತದೆ, ಉಲ್ಟಾ ಚಿತ್ರದ ಅಡಿ ಮೂಲ ಮುದ್ರೆಯ ಅವಶೇಷ ಇಣುಕುತ್ತದೆ. ಕಾಲರ್ ಇಲ್ಲದ್ದರಿಂದ ಸುತ್ತಳತೆ ಹಿಗ್ಗಿರಲೂಬಹುದು. ವರ್ನಿಯರ್‌ನಲ್ಲಿ ಎರಡು ಮೂರು ಕಡೆ ಅಳೆಯಿರಿ.

ಪ್ರಶ್ನೆ: ನಾಣ್ಯದ ಮೇಲೆ ಗೆರೆಯೊಂದಿದೆ, ವರ್ಷದ ಕೊನೆಯ ಅಂಕಿ ಮಾಯವಾಗಿದೆ. ಬೆಲೆ ಬರುತ್ತದೆಯೇ?
– ಓದುಗರು, ಮಂಗಳೂರು

ಉತ್ತರ: ಗೆರೆ ಉಬ್ಬಿದ್ದರೆ ಡೈ ಬಿರುಕು ಬಿಟ್ಟಿತ್ತು, ಲೋಹ ಆ ಬಿರುಕಿನೊಳಗೆ ಹೊಕ್ಕಿದೆ. ತಗ್ಗಾಗಿದ್ದರೆ ಬಹುಪಾಲು ಆಮೇಲೆ ಬಿದ್ದ ಗೀರು. ಅಂಕಿ ಮಾಯವಾಗಲು ಡೈಯಲ್ಲಿ ಗ್ರೀಸು, ಲೋಹದ ಪುಡಿ ತುಂಬಿಕೊಂಡರೆ ಸಾಕು. ಅದು ತೀರಾ ಸಾಮಾನ್ಯ; ದುಡ್ಡು ಸುರಿಯಬೇಡಿ. ಮಾಮೂಲಿ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ ಎನ್ನುವವರ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ಪ್ರಶ್ನೆ: ಪ್ಲಾಸ್ಟಿಕ್ ಆಲ್ಬಂನಲ್ಲಿಟ್ಟ ತಾಮ್ರ-ನಿಕಲ್ ನಾಣ್ಯಗಳಿಗೆ ಹಸಿರು ಅಂಟು ಹತ್ತಿದೆ. ಹುಣಸೆಹಣ್ಣು ಹಾಕಿ ತಿಕ್ಕಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಖಂಡಿತ ಬೇಡ, ಹುಳಿ ಮೇಲ್ಮೈಯನ್ನೇ ತಿನ್ನುತ್ತದೆ. ಆ ಅಂಟು ಪಿವಿಸಿ ಹಾಳೆಯದು. ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್ ಹಾಕಿ (ಉಗುರುಬಣ್ಣ ತೆಗೆಯುವ ದ್ರವ ಆಗದು), ನಾಣ್ಯವನ್ನು ಕೆಲವು ನಿಮಿಷ ಮುಳುಗಿಸಿಡಿ. ಹೊಸ ಅಸಿಟೋನ್‌ನಲ್ಲಿ ಇನ್ನೊಮ್ಮೆ ಅದ್ದಿ ತೆಗೆದು ತಾನಾಗಿ ಆರಲು ಬಿಡಿ, ಒರೆಸಬೇಡಿ. ಕಿಟಕಿ ತೆರೆದಿರಲಿ, ಹತ್ತಿರ ಒಲೆ ಉರಿಯದಿರಲಿ. ಮತ್ತೆ ಅದೇ ಆಲ್ಬಂಗೆ ಹಾಕದೆ, ಪಿವಿಸಿ ಇಲ್ಲದ ಹೋಲ್ಡರ್ ಕೊಳ್ಳಿ.