‘ನಿಲ್ಸಲೇ’ ಅಂದ ಮಾಸ್ತರರಿಗೆ

ಬಾಗಲಕೋಟೆಯ ನವನಗರದಿಂದ ಒಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರ ಉದ್ದ ಇತ್ತು, ಅಲ್ಲಲ್ಲಿ ಕತ್ತರಿ ಆಡಿಸಿದ್ದೇನೆ.

‘ಮೇಡಂ, ನನಗೆ 44 ವರ್ಷ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ತೂಕ 88 ಕೆಜಿ. ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ. ಈ ಸಲ ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆಗೆ ಮನೆಮಂದಿಯೆಲ್ಲ ಹೋಗಿದ್ದೆವು. ತೇರು ನೋಡಿ, ರೊಟ್ಟಿ ಊಟ ಮುಗಿಸಿ ಹೊರಟಾಗ 7 ವರ್ಷದ ಮಗಳು ಡ್ರ್ಯಾಗನ್ ರೈಲಿನ ಮುಂದೆ ನಿಂತುಬಿಟ್ಟಳು. ಸಣ್ಣ ಮಕ್ಕಳ ರೈಲು. ಹತ್ತಬೇಕು, ಆದರೆ ಒಬ್ಬಳೇ ಹತ್ತಲು ಅಂಜಿಕೆ. ಟಿಕೆಟ್ ಹರಿಯುವ ಹುಡುಗ “ನೀವೂ ಬರ್ರಿ ಸರ್, ಅಡ್ಜಸ್ಟ್ ಆಗ್ತೈತಿ” ಅಂದ. “ಮಮ್ಮಿಗೆ ಟಾಟಾ ಮಾಡ್ತೀನಿ, ನೀ ಒಳಗ ಸರಿ” ಅಂತ ಮಗಳು ಹೊರಗಿನ ಕಡೆ ಕೂತಳು. ಕೂತವರು ಬೀಳದ ಹಾಗೆ ಹಿಡಿಯುವ ಸಲಾಕಿ ನನ್ನ ತೊಡೆ ಮೇಲೆ ಬಿತ್ತು.

ಮೊದಲನೇ ತಿರುವಿನಲ್ಲೇ ನನ್ನ ಪೂರಾ ಭಾರ ಮಗಳ ಮೇಲೆ ಹೋಯಿತು. “ನಿಲ್ಸಲೇ, ಏ ನಿಲ್ಸಲೇ” ಅಂತ ಕೂಗಿದೆ. ಸ್ಪೀಕರಿನ ಹಾಡಿನಲ್ಲಿ ಯಾರಿಗೂ ಕೇಳಲಿಲ್ಲ. ಕೇಳಿದವರಿಗೆ ಖುಷಿಯ ಕೂಗು ಅನಿಸಿತು. ಆ ಹುಡುಗ “ಸರ್ ಭಾಳ ಖುಷಿ ಆಗ್ಯಾರ, ಇನ್ನೊಂದು ರೌಂಡ್ ಫ್ರೀ” ಅಂತ ಮತ್ತೆ ಬಿಟ್ಟ. ಉಬ್ಬಿನ ಮೇಲೆ ಹೋದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ನಿಂತ ಮೇಲೆ ಮೊಣಕಾಲು ಸಿಕ್ಕಿಬಿದ್ದು ಹೊರಗೆ ಬರಲಿಲ್ಲ. ಮೂವರು ಎಳೆದರು. ಪ್ಯಾಂಟು ಪರ್ ಅಂತ ಹರಿಯಿತು. ಜಾತ್ರೆಯಲ್ಲೇ ಕೊಂಡ ಹೊಸ ಟವೆಲ್ ಸುತ್ತಿಕೊಂಡು ಬಸ್ ಹತ್ತಿದೆ. ಇಳಿದು ಎಷ್ಟೋ ಹೊತ್ತಾದರೂ ಭೂಮಿ ತಿರುಗುತ್ತಲೇ ಇತ್ತು.

ಹೆಂಡತಿಯ ತಮ್ಮ ಎಲ್ಲವನ್ನೂ ವಿಡಿಯೋ ಮಾಡಿ “ಮಾಮಾ ಆನ್ ಫೈರ್” ಅಂತ ಮನೆಯ ಗ್ರೂಪಿಗೆ ಹಾಕಿದ. ಅಲ್ಲಿಂದ ಅದು ನಮ್ಮ ಶಾಲೆ ಹುಡುಗರ ಮೊಬೈಲಿಗೂ ಬಂದಿದೆ. ಕ್ಲಾಸಿನಲ್ಲಿ “ಗದ್ದಲ ನಿಲ್ಸ್ರಿ” ಅಂದರೆ ಹಿಂದಿನ ಬೆಂಚಿನಿಂದ ಸಣ್ಣಗೆ “ನಿಲ್ಸಲೇ” ಅಂತ ಕೇಳುತ್ತದೆ. ನಾನು ಅಂಜಿ ಕೂಗಿದ್ದಲ್ಲ ಮೇಡಂ, ಮಗಳಿಗಾಗಿ ಕೂಗಿದ್ದು. ಯಾರೂ ನಂಬುತ್ತಿಲ್ಲ. ಅವತ್ತಿನಿಂದ ಹೆಂಡತಿಯ ತಮ್ಮನ ಜೊತೆ ಮಾತು ಬಿಟ್ಟಿದ್ದೇನೆ. ಬರುವ ತಿಂಗಳು ಗೋಕಾಕದಲ್ಲಿ ಅವನ ಮದುವೆ. ಹೋಗಲೋ ಬೇಡವೋ? ಮಗಳು ಮತ್ತೆ ರೈಲು ಅನ್ನುತ್ತಾಳೆ, ಏನೋ ಒಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತಿದ್ದೇನೆ. ಅವತ್ತು ಬಸ್ಸಿನಲ್ಲಿ ಅವಳು ಅಂದಿದ್ದು ಒಂದೇ ಮಾತು: “ಪಪ್ಪಾ, ನೀ ಭಾಳ ದಪ್ಪ ಅದಿ.” ಹೋದ ಮರ್ಯಾದೆ ವಾಪಸ್ ಬರೋದು ಹೇಗೆ?’

ಮಾಸ್ತರರೇ, ಮೊದಲು ಕ್ಷಮೆ ಕೇಳಿಬಿಡುತ್ತೇನೆ. ‘ಇನ್ನೊಂದು ರೌಂಡ್ ಫ್ರೀ’ ಹತ್ತಿರ ಬಂದಾಗ ಪತ್ರ ಕೆಳಗಿಟ್ಟು ನಕ್ಕೆ. ಟವೆಲ್ ಹತ್ತಿರ ಬಂದಾಗ ಇನ್ನೊಂದು ಸಲ.

ಈಗ ನಂಬಿಕೆಯ ವಿಷಯ. ನಾನು ನಿಮ್ಮನ್ನು ಅರ್ಧ ನಂಬುತ್ತೇನೆ. ತಿರುವಿನಲ್ಲಿ ಕೂಗಿದ್ದು ಮಗಳಿಗಾಗಿ, ಒಪ್ಪಿದೆ. ಉಬ್ಬಿನ ಮೇಲೆ ಕಣ್ಣು ಮುಚ್ಚಿದ್ದು ಯಾರಿಗಾಗಿ? ಅಲ್ಲಿ ನಿಮಗೆ ಅಂಜಿಕೆಯಾಗಿತ್ತು. ಆಗಲಿ ಬಿಡಿ. ಎರಡೂ ಒಂದೇ ರೈಲಿನಲ್ಲಿ, ಒಂದೇ ನಿಮಿಷದಲ್ಲಿ ಆಗಿವೆ. ನೀವು ಒಂದನ್ನು ಮುಚ್ಚಿಟ್ಟು ಇನ್ನೊಂದನ್ನಷ್ಟೇ ಮುಂದೆ ಮಾಡುತ್ತಿದ್ದೀರಿ. ಜನ ಪೂರಾ ನಂಬದಿರುವುದು ಅದಕ್ಕೇ ಇರಬೇಕು.

ನೀವು ಅರ್ಧ ಸಾಲಿನಲ್ಲಿ ದಾಟಿಸಿದ ಆ ಸಲಾಕಿಯ ಮೇಲೆ ಮಾತ್ರ ನನಗೆ ಸಿಟ್ಟು ಬಂತು. ಇಬ್ಬರಿಗೂ ಒಂದೇ ಸಲಾಕಿ. ಅದು ನಿಮ್ಮ ತೊಡೆಗೆ ತಾಗಿ ಅಲ್ಲೇ ನಿಂತುಬಿಡುತ್ತದೆ. ಮಗಳ ಹೊಟ್ಟೆಗೂ ಸಲಾಕಿಗೂ ನಡುವೆ ಒಂದು ಗೇಣು ಜಾಗ ಉಳಿಯುತ್ತದೆ. ಅಂದರೆ ಅವತ್ತು ಸಲಾಕಿ ಹಿಡಿದಿಟ್ಟಿದ್ದು ನಿಮ್ಮನ್ನು, ಅವಳನ್ನಲ್ಲ. ಮೇಲಾಗಿ ನೀವು ಒಳಗೆ, ಅವಳು ಹೊರಗೆ. ತಿರುಗುವ ಯಾವುದೇ ಆಟದಲ್ಲಿ ಭಾರ ಇದ್ದವರು ಹೊರಗಿನ ಕಡೆ ಕೂರಬೇಕು, ಮಕ್ಕಳು ಒಳಗಿನ ಕಡೆ. ಇಲ್ಲದಿದ್ದರೆ 88 ಕೆಜಿ ಎತ್ತ ಜಾರುತ್ತದೆ ಅಂತ ವಿಜ್ಞಾನದ ಮಾಸ್ತರರಿಗೆ ನಾನು ಹೇಳಬೇಕಾ? ‘ಅಡ್ಜಸ್ಟ್ ಆಗ್ತೈತಿ’ ಅನ್ನುವ ಮಾತನ್ನು ಬಸ್ಸಿನ ಸೀಟಿಗೆ ಒಪ್ಪಬಹುದು, ಇಂಥದ್ದಕ್ಕೆ ಒಪ್ಪಬಾರದು. ಮಕ್ಕಳ ಆಟಕ್ಕೆ ಮಕ್ಕಳಷ್ಟೇ ಹತ್ತಲಿ. ಒಬ್ಬಳೇ ಹತ್ತಲು ಅಂಜಿದರೆ ಆ ವರ್ಷ ಬೇಡ, ಮುಂದಿನ ವರ್ಷ ಹತ್ತುತ್ತಾಳೆ.

ಭೂಮಿ ತಿರುಗಿದ್ದಕ್ಕೆ ಗಾಬರಿ ಬೇಡ. ಕಿವಿಯ ಒಳಗೆ ಮೂರು ಬಾಗಿದ ಕೊಳವೆಗಳಿವೆ, ಅದರಲ್ಲಿ ದ್ರವ ಇದೆ. ನೀವು ನಿಂತರೂ ಅದು ಸ್ವಲ್ಪ ಹೊತ್ತು ಹರಿಯುತ್ತಲೇ ಇರುತ್ತದೆ. ಚರಿಗೆಯ ನೀರು ತಿರುವಿ ಕೈ ತೆಗೆದ ಹಾಗೆ. ಈಗಲೂ ತಲೆ ತಿರುಗುತ್ತಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಇನ್ನು ವಿಡಿಯೋ. ನಾನು ವಿಜಯಪುರದವಳು. ಐದನೇ ಇಯತ್ತೆಯಲ್ಲಿ ಶಾಲೆಯವರು ಗೋಳಗುಮ್ಮಟದ ಮೇಲೆ ಕರೆದುಕೊಂಡು ಹೋಗಿದ್ದರು. ಪಿಸುಮಾತಿನ ಗ್ಯಾಲರಿಯಲ್ಲಿ ಒಂದು ಮಾತು ಆಡಿದರೆ ಏಳು ಸಲ ಕೇಳುತ್ತದೆ ಅಂತಾರಲ್ಲ, ಅಲ್ಲಿ ಒಬ್ಬಳು ನನ್ನ ಅಡ್ಡಹೆಸರು ಕೂಗಿದಳು. ‘ಸುಮ್ನಿರs’ ಅಂತ ನಾನೂ ಕೂಗಿದೆ. ಗುಮ್ಮಟ ನನ್ನ ಅಡ್ಡಹೆಸರನ್ನೂ ಹೇಳಿತು, ‘ಸುಮ್ನಿರs’ ಅನ್ನುವುದನ್ನೂ ಹೇಳಿತು. ಕೆಳಗೆ ಇಳಿಯುವ ಹೊತ್ತಿಗೆ ಬೇರೆ ಶಾಲೆಯ ಮಕ್ಕಳಿಗೂ ನಾನು ಯಾರು ಅಂತ ಗೊತ್ತಾಗಿತ್ತು. ನೀವು ಗ್ರೂಪಿನಲ್ಲಿ ‘ಡಿಲೀಟ್ ಮಾಡ್ರಿ’ ಅಂತ ಎಷ್ಟು ಸಲ ಹಾಕಿದ್ದೀರಿ, ಬರೆದಿಲ್ಲ. ಹಾಕಿದ್ದರೆ ಅಲ್ಲಿಗೇ ಬಿಡಿ. ಪ್ರತಿ ಸಲ ಹಾಕಿದಾಗಲೂ ನೋಡದೇ ಬಿಟ್ಟವರು ಮೇಲಕ್ಕೆ ಸರಿಸಿ ನೋಡುತ್ತಾರೆ.

ಹೆಂಡತಿಯ ತಮ್ಮನಿಗೆ ಫೋನ್ ಮಾಡಿ. ‘ನನ್ನ ಮರ್ಯಾದೆ ಹೋಯ್ತು’ ಅನ್ನಬೇಡಿ. ‘ಅದರಲ್ಲಿ ಮಗಳ ಮುಖ ಐತಿ, ಊರೆಲ್ಲ ತಿರುಗಾಕತ್ತೈತಿ, ನೀನು ಕೇಳಬೇಕಿತ್ತು’ ಅನ್ನಿ. ಇದರಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. ಅಕ್ಕನ ಮಗಳ ಮಾತು ಬಂದರೆ ಅವನೂ ತಗ್ಗುತ್ತಾನೆ. ತನ್ನ ಕಡೆಯಿಂದ ತೆಗೆಯಲಿ, ಕಳಿಸಿದವರಿಗೂ ಹೇಳಲಿ. ಪೂರಾ ಅಳಿಸಿ ಹೋಗುತ್ತದೆ ಅಂತ ನಾನು ಹೇಳಲಾರೆ. ದಂಡ ಅಂತ ಅಮೀನಗಡದ ಕರದಂಟು ಎರಡು ಕೆಜಿ ಹಾಕಿ. ನೀವು ಮಾತ್ರ ಚೂರೇ ತಿನ್ನಿ, ಮಗಳು ಏನಂದಳು ನೆನಪಿದೆಯಲ್ಲ.

ಮದುವೆಗೆ ಹೋಗಿ. ಹೋಗದಿದ್ದರೆ ಮಂಟಪದಲ್ಲಿ ‘ಮಾಮಾ ಯಾಕ ಬಂದಿಲ್ಲ’ ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಲು ಹತ್ತು ಮಂದಿ ಮೊಬೈಲ್ ತೆಗೆಯುತ್ತಾರೆ. ಪಾಪ, ನಿಮ್ಮ ಹೆಂಡತಿಯನ್ನೂ ನೆನೆಸಿಕೊಳ್ಳಿ. ಒಂದು ಕಡೆ ಗಂಡ, ಇನ್ನೊಂದು ಕಡೆ ತಮ್ಮ. ನಾಲ್ಕು ಪುಟದ ಪತ್ರದಲ್ಲಿ ಅವರು ಬರುವುದು ಟಾಟಾ ಮಾಡಿಸಿಕೊಳ್ಳಲು ಮಾತ್ರ.

ಹಿಂದಿನ ಬೆಂಚಿನವರಿಗೆ ನನ್ನ ಹತ್ತಿರ ಒಂದು ಉಪಾಯ ಇದೆ. 9ನೇ ತರಗತಿಯಲ್ಲಿ ಜಡತ್ವದ ಪಾಠ ಬರುತ್ತದಲ್ಲ? ಬಸ್ಸು ತಿರುಗಿದಾಗ ಪಕ್ಕದವರ ಮೇಲೆ ಬೀಳುವ ಉದಾಹರಣೆಯನ್ನೇ ಇನ್ನೂ ಎಷ್ಟು ವರ್ಷ ಕೊಡುತ್ತೀರಿ? ಬೋರ್ಡಿನ ಮೇಲೆ ಡ್ರ್ಯಾಗನ್ ರೈಲು ಬರೆಯಿರಿ. ಒಳಗೆ 88 ಅಂತ ಹಾಕಿ, ಹೊರಗೆ 20. ರೈಲು ತಿರುಗುತ್ತದೆ, ಮಾಸ್ತರರ ಮೈ ನೆಟ್ಟಗೆ ಹೋಗಬೇಕು ಅನ್ನುತ್ತದೆ. ಯಾರು ಯಾರ ಮೇಲೆ ಬೀಳುತ್ತಾರೆ, ಯಾಕೆ ಅಂತ ಅವರನ್ನೇ ಕೇಳಿ. ‘ನಿಲ್ಸಲೇ’ ಅನ್ನುವುದನ್ನು ನೀವೇ ಮೊದಲು ಅನ್ನಿ, ಜೋರಾಗಿ. ಒಂದು ದಿನ ಕ್ಲಾಸು ಬಿದ್ದು ಬಿದ್ದು ನಗುತ್ತದೆ. ಎರಡನೇ ದಿನ ಹಿಂದಿನ ಬೆಂಚಿಗೆ ಮಾಡಲು ಕೆಲಸ ಉಳಿಯುವುದಿಲ್ಲ. ಆ ಪಾಠದ ಪ್ರಶ್ನೆಗೆ ಯಾರೂ ಮಾರ್ಕ್ಸ್ ಕಳೆದುಕೊಳ್ಳುವುದಿಲ್ಲ ಅನ್ನುವುದು ಬೇರೆ.

ನಾನು ಬಹಳ ಹೊತ್ತು ನಿಂತಿದ್ದು ಮಗಳ ಮಾತಿನ ಹತ್ತಿರ. ‘ಪಪ್ಪಾ, ನೀ ಭಾಳ ದಪ್ಪ ಅದಿ.’ ನೀವು ಅದನ್ನು ಬೈಗುಳದ ಹಾಗೆ ಬರೆದಿದ್ದೀರಿ. ನನಗೆ ಅದು ನೋವಿನ ಮಾತು ಅನಿಸಿತು. ಅವಳ ತೋಳು ತಗಡಿಗೆ ಒತ್ತಿರಬೇಕು. ಯಾರಾದರೂ ಕೇಳಿದಿರಾ? ನೀವು ಟವೆಲ್ ಹಿಡಿದುಕೊಂಡಿದ್ದಿರಿ, ಉಳಿದವರು ಮೊಬೈಲ್ ಹಿಡಿದಿದ್ದರು. ಇವತ್ತು ರಾತ್ರಿ ಕೇಳಿ. ‘ಅವತ್ತು ನಿನ್ನ ಮ್ಯಾಲ ಬಿದ್ದೆ, ನೂಸಿತೇನು? ನನಗೂ ಅಂಜಿಕಿ ಆಗಿತ್ತು’ ಅಂತ ಎರಡೂ ಹೇಳಿ. ಊರಿಗೆ ವಿವರಣೆ ಕೊಡುವ ಕೆಲಸ ನಿಮಗಿಲ್ಲ, ಅವಳೊಬ್ಬಳಿಗೆ ಕೊಡಬೇಕು. ಇಷ್ಟೆಲ್ಲ ಆದರೂ ಮತ್ತೆ ರೈಲು ಬೇಕು ಅನ್ನುತ್ತಾಳಲ್ಲ, ಅವಳಿಗೆ ಅದರ ಮೇಲೆ ಸಿಟ್ಟಿಲ್ಲ. ಸುಳ್ಳು ನಿಲ್ಲಿಸಿ. ಮುಂದಿನ ಬನದ ಹುಣ್ಣಿಮೆಗೆ ಅವಳಿಗೆ 8 ತುಂಬಿರುತ್ತದೆ. ಅವಳು ಒಬ್ಬಳೇ ಹತ್ತಲಿ, ಸಲಾಕಿ ಅವಳ ಹೊಟ್ಟೆಗೆ ಸರಿಯಾಗಿ ಕೂತಿದೆಯಾ ಅಂತ ನೀವು ಕೈಯಿಟ್ಟು ನೋಡಿ, ಕೆಳಗೆ ಬಂದು ಹೆಂಡತಿಯ ಪಕ್ಕ ನಿಲ್ಲಿ. ಟಾಟಾ ಮಾಡಿ.

ಗೋಕಾಕಕ್ಕೆ ಹೊರಡುವ ಮೊದಲು ಒಂದು ಕೇಳಿಟ್ಟುಕೊಳ್ಳಿ, ಮದುವೆ ಮಂಟಪದಲ್ಲಿ ಎಲ್‌ಇಡಿ ಪರದೆ ಹಾಕಿಸುತ್ತಿದ್ದಾರಾ ಅಂತ.